ಜಲಜಕ್ಕ ಇಟ್ಟ ಏಳು ಹೆಸರುಗಳು

ಅಳಿವೆನಾಡಿನ ಮಕ್ಕಳು ಸರಿಯಾಗಿ ನಡೆಯುವುದಕ್ಕೆ ಮೊದಲೇ ಚೆಂಡು ಒದೆಯುತ್ತಿದ್ದರು. ಅದು ಸಮುದ್ರದ ಬದಿಯ ಒಂದು ಪುಟ್ಟ ದೇಶ. ನೀರು ಇಳಿದಾಗ ಅಲ್ಲಿ ಎರಡು ಮೈಲಿ ಉದ್ದದ ಒದ್ದೆ ಮರಳು ತೆರೆದುಕೊಳ್ಳುತ್ತಿತ್ತು. ಒದ್ದೆ ಮರಳಿನ ಮೇಲೆ ಚೆಂಡು ಹೇಳಿದ ಮಾತು ಕೇಳುವುದಿಲ್ಲ. ಒಂದು ಕಡೆ ಒದ್ದರೆ ಇನ್ನೊಂದು ಕಡೆ ಹೋಗುತ್ತದೆ. ಅಂಥ ನೆಲದಲ್ಲಿ ಕಲಿತ ಕಾಲುಗಳಿಗೆ ಹುಲ್ಲಿನ ಮೈದಾನ ಎಂದರೆ ಮನೆಯ ಜಗಲಿ ಇದ್ದ ಹಾಗೆ. ನೆರೆಯ ದೊಡ್ಡ ದೇಶಗಳವರು ಬಂದು ಈ ಹುಡುಗರ ಆಟ ನೋಡಿ, ಇಂಥವರು ನಮ್ಮಲ್ಲಿ ಹುಟ್ಟಲಿಲ್ಲವಲ್ಲ ಎಂದು ಹೊಟ್ಟೆ ಉರಿದುಕೊಂಡು ಹೋಗುತ್ತಿದ್ದರು.

ಆದರೆ ನಾಲ್ಕು ವರ್ಷಕ್ಕೊಮ್ಮೆ ಹದಿನಾರು ದೇಶಗಳು ಸೇರಿ ಆಡುವ ದೊಡ್ಡ ಕಪ್ಪನ್ನು ಅಳಿವೆನಾಡು ಒಮ್ಮೆಯೂ ಗೆದ್ದಿರಲಿಲ್ಲ. ಸಣ್ಣ ಪಂದ್ಯಗಳಲ್ಲಿ ಐದು ಗೋಲು, ಆರು ಗೋಲು ಹೊಡೆಯುವ ತಂಡ ದೊಡ್ಡ ಕಪ್ಪಿಗೆ ಹೋದ ಕೂಡಲೇ ಬೇರೆ ಯಾರದೋ ಕಾಲು ಹಾಕಿಕೊಂಡು ಬಂದವರ ಹಾಗೆ ಆಡುತ್ತಿತ್ತು. ಯಾಕೆ ಎಂದು ಎಲ್ಲರೂ ಯೋಚಿಸಿದರು. ಊಟ ಸಾಲದು ಎಂದು ಊಟ ಹೆಚ್ಚಿಸಿದರು. ಬೂಟು ಸರಿಯಿಲ್ಲ ಎಂದು ಬೂಟು ತರಿಸಿದರು. ಅಂಗಿಯ ಬಣ್ಣವನ್ನು ಮೂರು ಸಲ ಬದಲಾಯಿಸಿದರು. ಮೀನು ಮಾರುಕಟ್ಟೆಯ ಕಡೆ ಮಾತ್ರ ಯಾರೂ ನೋಡಲಿಲ್ಲ.

ಆ ಮಾರುಕಟ್ಟೆಯಲ್ಲಿ ಜಲಜಕ್ಕ ಎಂಬ ಹೆಂಗಸು ಮೀನು ಮಾರುತ್ತಿದ್ದಳು. ಮಗ ವಾಮನ ಎರಡು ವರ್ಷದ ಕೂಸಾಗಿದ್ದಾಗ ಅವಳ ಗಂಡ ದೋಣಿಯೊಂದಿಗೆ ಮುಳುಗಿಹೋಗಿದ್ದ. ಅವಳು ಯಾರ ಮನೆಯ ಬಾಗಿಲಿಗೂ ಹೋಗಲಿಲ್ಲ. ಕೂಸನ್ನು ಪಕ್ಕೆಗೆ ಕಟ್ಟಿಕೊಂಡು, ಬುಟ್ಟಿಯನ್ನು ತಲೆಗೆ ಏರಿಸಿಕೊಂಡು ಮನೆಮನೆ ತಿರುಗಿದಳು. ಹತ್ತು ವರ್ಷದಲ್ಲಿ ಮಾರುಕಟ್ಟೆಯ ಬಾಗಿಲಿನಲ್ಲೇ ಸ್ವಂತ ಕಟ್ಟೆ, ಸ್ವಂತ ತಕ್ಕಡಿ ಮಾಡಿಕೊಂಡಳು. ಒಣಮೀನು ಕಟ್ಟಿಕೊಡುವ ಹಳೆಯ ಪೇಪರಿನಿಂದ ಅಕ್ಷರ ಕಲಿತಳು. ಕೊಳ್ಳಲು ಬಂದವರಿಗೆ ಪೊಟ್ಟಣ ಕೊಡುವ ಮೊದಲು ಅದರ ಮೇಲಿನ ಎರಡು ಸಾಲು ಓದಿಯೇ ಕೊಡುವಳು. "ನಿಮ್ಮದು ಹೋದ ವರ್ಷದ ಸುದ್ದಿ, ಮೀನು ಮಾತ್ರ ಇವತ್ತಿನದು" ಎನ್ನುವಳು.

ಅವಳ ಮಾತು ಕೇಳಲಿಕ್ಕೆಂದೇ ಜನ ಬರುತ್ತಿದ್ದರು. ಬೆಳಗ್ಗೆ ಅವಳು ಅಂದದ್ದು ಸಂಜೆಗೆ ಊರು ದಾಟುತ್ತಿತ್ತು, ವಾರ ಕಳೆಯುವುದರೊಳಗೆ ದೇಶ ಸುತ್ತುತ್ತಿತ್ತು. ಇದು ಅವಳಿಗೆ ಗೊತ್ತಿತ್ತು. ಗೊತ್ತಿದ್ದುದರಿಂದ ಅವಳ ಬೆನ್ನು ಇನ್ನಷ್ಟು ನೆಟ್ಟಗಾಗಿತ್ತು.

ವಾಮನ ನಾಲ್ಕು ವರ್ಷದವನಾಗಿದ್ದಾಗ ಒಂದು ದೊಡ್ಡ ಕಪ್ ನಡೆಯಿತು. ಮಾರುಕಟ್ಟೆಯ ಮೂಲೆಯಲ್ಲಿ ಚಹಾ ಮಾಡುವ ಮೋನುವಿನ ಅಂಗಡಿಯಲ್ಲಿ ರೇಡಿಯೋ ಇತ್ತು. ಎಲ್ಲರೂ ಅಲ್ಲಿ ಸೇರಿದ್ದರು. ಕೊನೆಯ ನಿಮಿಷದಲ್ಲಿ ಅಳಿವೆನಾಡಿಗೆ ಪೆನಾಲ್ಟಿ ಸಿಕ್ಕಿತು. ದೂಮಣ್ಣ ಎಂಬ ಆಟಗಾರ ಒದ್ದ. ಚೆಂಡು ಗೋಲಿನ ಮೇಲಿನಿಂದ ಹಾರಿ ಜನರ ನಡುವೆ ಬಿತ್ತು. ಪಂದ್ಯ ಕೈತಪ್ಪಿತು. ಮಾರುಕಟ್ಟೆಯಲ್ಲಿ ಕೆಲವರು ತಲೆಯ ಮೇಲೆ ಕೈ ಹೊತ್ತು ಕೂತರು. ಕೆಲವರು ಅತ್ತೇಬಿಟ್ಟರು. ಮೋನುವೂ ಮೈಮರೆತಿದ್ದ. ಅವನ ಒಲೆಯ ಮೇಲಿನ ಹಾಲು ಉಕ್ಕಿ ಕಲ್ಲಿನ ಮೇಲೆಲ್ಲ ಹರಿಯಿತು.

"ಮೋನು, ನಿನ್ನ ಹಾಲೂ ದೂಮಣ್ಣ ಆಯಿತಲ್ಲ ಮಾರಾಯ" ಎಂದಳು ಜಲಜಕ್ಕ.

ಅಳುತ್ತಿದ್ದವರು ನಕ್ಕರು. ನಗು ತಡೆಯಲಾರದೆ ಒಬ್ಬರನ್ನೊಬ್ಬರು ಹಿಡಿದುಕೊಂಡರು. ಆ ದಿನ ಅವರಿಗೆ ಆ ನಗು ಬೇಕಾಗಿತ್ತು. ಮುಂದೆ ಎಷ್ಟೋ ವರ್ಷಗಳ ಮೇಲೆ ಜಲಜಕ್ಕ ತನ್ನನ್ನು ತಾನೇ ಕೇಳಿಕೊಂಡದ್ದುಂಟು: ಅಳುವವರನ್ನು ನಗಿಸಿದ್ದು ತಪ್ಪೇ? ಮೊದಲ ದಿನ ಅದು ತಪ್ಪಾಗಿರಲಿಲ್ಲವೋ ಏನೋ. ಎರಡನೆಯ ದಿನವೂ ಹೇಳಿದಳಲ್ಲ, ತಪ್ಪು ಅಲ್ಲಿ ಶುರುವಾಯಿತು.

ಅಲ್ಲಿಂದ ಮುಂದೆ ಅಳಿವೆನಾಡಿನಲ್ಲಿ ಹಾಲು ಉಕ್ಕಿದರೆ ದೂಮಣ್ಣ ಆಯಿತು ಎಂದೇ ಹೇಳುವುದಾಯಿತು. ಅನ್ನ ಸೀದರೂ ದೂಮಣ್ಣ, ಮಳೆಗೆ ಒಣಮೀನು ಒದ್ದೆಯಾದರೂ ದೂಮಣ್ಣ. ಮುಂದಿನ ಕಪ್ಪಿನಲ್ಲಿ ಕೂಸಪ್ಪ ಎಂಬವನ ಕಾಲಿಗೆ ತಗಲಿ ಚೆಂಡು ತನ್ನದೇ ಗೋಲಿನೊಳಗೆ ಹೋಯಿತು. ಮರುದಿನ ಮೀನು ಕೊಯ್ಯುತ್ತಾ ಬೆರಳು ಕುಯ್ದುಕೊಂಡವಳಿಗೆ ಜಲಜಕ್ಕ, "ಏನೇ, ಕೂಸಪ್ಪ ಮಾಡಿಕೊಂಡೆಯಾ?" ಎಂದಳು. ಅದರ ಮುಂದಿನ ಸಲ ಸಂಜೀವ ಎಂಬವನು ಎದುರಾಳಿಯ ಹಿಂದೆ ಓಡಿ ಒಂದು ಹೆಜ್ಜೆ ತಡವಾಗಿ ಮುಟ್ಟಿದ. ಬಸ್ಸು ತಡವಾದಾಗಲೆಲ್ಲ ಜನ, "ಇವತ್ತೂ ಬಸ್ಸು ಸಂಜೀವ" ಎನ್ನತೊಡಗಿದರು. ಹೀಗೆ ಇಪ್ಪತ್ತು ವರ್ಷಗಳಲ್ಲಿ, ಕೆಲವು ಕಪ್ಪಿಗೆ ಇಬ್ಬಿಬ್ಬರಂತೆ, ಏಳು ಆಟಗಾರರ ಹೆಸರು ಏಳು ಮಾತುಗಳಾದವು. ಏಳೂ ಜಲಜಕ್ಕನ ಬಾಯಲ್ಲಿ ಹುಟ್ಟಿದ್ದು.

ಈ ನಡುವೆ ವಾಮನ ಬೆಳೆದ. ಮಕ್ಕಳೇ, ಅವನ ಆಟವನ್ನು ಹೇಗೆ ಹೇಳಲಿ? ಚೆಂಡು ಅವನ ಕಾಲಿನ ಹತ್ತಿರ ಬಂದರೆ ಸಾಕಿದ ಬೆಕ್ಕಿನ ಹಾಗೆ ಸುಮ್ಮನಾಗುತ್ತಿತ್ತು. ಮರಳಿನ ಮೇಲೆ ಆಡುವಾಗ ಮೂವತ್ತು ಹೆಜ್ಜೆ ದೂರದಿಂದ ಒದ್ದು, ಎರಡು ತೆಂಗಿನ ಮರಗಳ ನಡುವೆ ದಾಟಿಸುತ್ತಿದ್ದ. ಇಪ್ಪತ್ತನಾಲ್ಕು ವರ್ಷಕ್ಕೆ ದೇಶದ ತಂಡಕ್ಕೆ ಆಯ್ಕೆಯಾದ. ಜಲಜಕ್ಕ ಆ ದಿನ ಮಾರುಕಟ್ಟೆಗೆಲ್ಲ ಚಹಾ ಕುಡಿಸಿದಳು.

ಆ ವರ್ಷ ತಂಡಕ್ಕೆ ಹೊರದೇಶದಿಂದ ಒಬ್ಬ ತರಬೇತುದಾರನನ್ನು ಕರೆಸಿದ್ದರು. ಎಲ್ಲರೂ ಅವನನ್ನು ಮೇಷ್ಟ್ರು ಎಂದು ಕರೆದರು. ಅವನು ಒಂದು ನೋಟುಪುಸ್ತಕ ಹಿಡಿದುಕೊಂಡು ಮಾರುಕಟ್ಟೆ ಸುತ್ತಿ ಭಾಷೆ ಕಲಿಯುತ್ತಿದ್ದ. ಕೇಳಿದ ಮಾತನ್ನು ಬರೆದುಕೊಂಡು ಪಕ್ಕದಲ್ಲಿ ಅರ್ಥ ಬರೆಯುತ್ತಿದ್ದ.

"ದೂಮಣ್ಣ ಎಂದರೆ ಏನು?" ಎಂದು ಮೋನುವನ್ನು ಕೇಳಿದ.

"ಉಕ್ಕಿ ಚೆಲ್ಲಿ ಹೋಗುವುದು, ಮೇಷ್ಟ್ರೇ. ಹಾಳಾಗುವುದು."

ಮೇಷ್ಟ್ರು ಬರೆದುಕೊಂಡ. ಒಂದು ತಿಂಗಳ ಮೇಲೆ ಅವನು ತಂಡದ ಹಳೆಯ ಫೋಟೋಗಳನ್ನು ನೋಡುತ್ತಿದ್ದ. ಒಂದು ಫೋಟೋದ ಕೆಳಗೆ ಅದೇ ಮಾತು ಇತ್ತು. ಇನ್ನೊಂದರ ಕೆಳಗೆ ಕೂಸಪ್ಪ, ಮತ್ತೊಂದರ ಕೆಳಗೆ ಸಂಜೀವ. ಅವನು ನೋಟುಪುಸ್ತಕ ತೆಗೆದು ತಾಳೆ ನೋಡಿದ, ಆಮೇಲೆ ಮೋನುವಿನ ಹತ್ತಿರ ಹೋಗಿ ಈ ಮಾತುಗಳು ಯಾರ ಬಾಯಲ್ಲಿ ಹುಟ್ಟಿದ್ದು ಎಂದು ಕೇಳಿ ತಿಳಿದುಕೊಂಡ.

ಮರುದಿನ ಬೆಳಗ್ಗೆ ಅವನು ಹುಡುಗರನ್ನು ಸಾಲಾಗಿ ನಿಲ್ಲಿಸಿ, "ಕಪ್ಪಿನಲ್ಲಿ ಪೆನಾಲ್ಟಿ ಸಿಕ್ಕಿದರೆ ಯಾರು ಒದೆಯುತ್ತೀರಿ?" ಎಂದು ಕೇಳಿದ. ಹನ್ನೊಂದು ಮಂದಿಯೂ ಬಗ್ಗಿ ಬೂಟಿನ ದಾರ ನೋಡಿಕೊಂಡರು. ಹಿಂದಿನ ಸಂಜೆ ಇದೇ ಹುಡುಗರು ಮರಳಿನ ಮೇಲೆ ನಾನು ಒದೆಯುತ್ತೇನೆ, ನಾನು ಒದೆಯುತ್ತೇನೆ ಎಂದು ಜಗಳವಾಡಿದ್ದನ್ನು ಅವನು ಕಣ್ಣಾರೆ ಕಂಡಿದ್ದ.

ಅವನು ನೇರವಾಗಿ ಜಲಜಕ್ಕನ ಕಟ್ಟೆಗೆ ಬಂದ.

"ಅಕ್ಕಾ, ನಿಮ್ಮ ಹತ್ತಿರ ಒಂದು ಕೇಳಲಿಕ್ಕಿದೆ."

"ಬಂಗುಡೆ ಬೇಕಾದರೆ ಕೇಳಿ. ಬೇರೆ ಎಂಥದ್ದು ಕೇಳಿದರೂ ಬೆಲೆ ಜಾಸ್ತಿ."

"ತಂಡ ಹೊರಡುವ ದಿನ ಹಡಗು ನಿಲ್ಲುವ ದಕ್ಕೆಗೆ ಬಂದು ಹುಡುಗರ ಮುಂದೆ ಒಂದು ಮಾತು ಹೇಳಬೇಕು. ಈ ಸಲ ಯಾರು ತಪ್ಪಿದರೂ ಅವರ ಹೆಸರನ್ನು ಮಾತು ಮಾಡುವುದಿಲ್ಲ ಎನ್ನಬೇಕು. ಅಷ್ಟೇ."

ಜಲಜಕ್ಕ ಕೈಯಲ್ಲಿದ್ದ ಮೀನನ್ನು ಕೆಳಗಿಟ್ಟಳು. "ನಾನು ಎಂಥ ರಾಜನ ಮಗಳಾ ಮೇಷ್ಟ್ರೇ? ಬೂತಾಯಿ ಮೀನು ಮಾರುವವಳ ಒಂದು ಮಾತಿಗೆ ದೇಶದ ಆಟ ನಿಂತಿದೆಯಾ?"

"ರಾಜನ ಮಾತು ಈ ಊರಿನಲ್ಲಿ ಎರಡು ದಿನ ನಿಲ್ಲುವುದಿಲ್ಲ. ನಿಮ್ಮ ಮಾತು ಇಪ್ಪತ್ತು ವರ್ಷದಿಂದ ನಿಂತಿದೆ."

ಈ ಮಾತು ಅವಳಿಗೆ ಹಿತವಾಗಿಯೇ ಕೇಳಿಸಿತು. ಹಿತವಾಗಿ ಕೇಳಿಸಿದ್ದೇ ಕೆಟ್ಟದ್ದಾಯಿತು.

"ನೋಡಿ ಮೇಷ್ಟ್ರೇ" ಎಂದಳು. "ಗಂಡ ಹೋದಾಗ ಈ ಜನ ನನಗೆ ಇಡದ ಹೆಸರಿಲ್ಲ. ಗಂಡನನ್ನು ನುಂಗಿದವಳು ಎಂದರು. ಬುಟ್ಟಿ ಹೊತ್ತುಕೊಂಡು ಹೋದರೆ ಬೀದಿಗೆ ಬಿದ್ದವಳು ಎಂದರು. ನಾನು ಕೇಳಿಕೊಂಡೇ ನಡೆದೆ. ನನ್ನ ಬುಟ್ಟಿ ಬಿತ್ತಾ? ಮಾತಿಗೆ ಹೆದರುವ ಕಾಲು ಇದ್ದೇನು ಪ್ರಯೋಜನ? ಅಂಥವನು ಮನೆಯಲ್ಲಿ ಕೂತು ಬಲೆ ಹೆಣೆಯಲಿ."

"ನೀವು ಗಟ್ಟಿ ಇದ್ದೀರಿ. ಎಲ್ಲರೂ ಅಷ್ಟು ಗಟ್ಟಿ ಇರಬೇಕಾಗಿಲ್ಲ, ಅಕ್ಕಾ. ನಮಗೆ ಅವರ ಆಟ ಸಾಕು."

"ಗಟ್ಟಿ ಇಲ್ಲದವರನ್ನು ಗಟ್ಟಿ ಮಾಡುವುದು ನಿಮ್ಮ ಕೆಲಸ. ಅದಕ್ಕೇ ತಾನೇ ನಿಮ್ಮನ್ನು ಕರೆಸಿದ್ದು?"

ಮೇಷ್ಟ್ರು ನೋಟುಪುಸ್ತಕ ಮಡಚಿ ಕಂಕುಳಲ್ಲಿಟ್ಟುಕೊಂಡ. ಆಮೇಲೆ, "ನಿಮ್ಮ ಮಗನೂ ಇದ್ದಾನೆ ಆ ತಂಡದಲ್ಲಿ" ಎಂದ.

"ನನ್ನ ಮಗ ಒದ್ದರೆ ಅದು ಒಳಗೇ ಹೋಗುತ್ತದೆ. ಅವನಿಗೆ ಈ ಭಿಕ್ಷೆ ಬೇಡ" ಎಂದಳು ಜಲಜಕ್ಕ. ಬಂಗುಡೆಯನ್ನು ಮತ್ತೆ ಕೈಗೆ ತೆಗೆದುಕೊಂಡಳು. ಮಾತು ಮುಗಿಯಿತು ಎಂದು ಅದರ ಅರ್ಥ.

ತಂಡ ಹೊರಡುವ ದಿನ ದಕ್ಕೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹುಡುಗರು ಹಡಗಿನ ಮೆಟ್ಟಿಲ ಹತ್ತಿರ ಸಾಲಾಗಿ ನಿಂತಿದ್ದರು. ಜಲಜಕ್ಕ ಬಂದಾಗ ಜನ ದಾರಿ ಬಿಟ್ಟರು. ಮೇಷ್ಟ್ರು ಅವಳನ್ನೇ ನೋಡುತ್ತಿದ್ದ. ಆಗಲೂ ಹೇಳಬಹುದಿತ್ತು. ಒಂದೇ ಮಾತು, ಒಂದು ಉಸಿರಿನಷ್ಟು ಹೊತ್ತು. ಆದರೆ ಅಷ್ಟು ಜನ ತನ್ನ ಬಾಯಿಯನ್ನೇ ನೋಡುತ್ತಿರುವಾಗ, ಬೇರೆಯವನು ಹೇಳಿಕೊಟ್ಟ ಮಾತನ್ನು ಹೇಳುವುದು ಅವಳ ಸ್ವಭಾವಕ್ಕೆ ಬರಲಿಲ್ಲ.

"ನೆಟ್ಟಗೆ ಆಡಿ ಬನ್ನಿ ಮಕ್ಕಳೇ" ಎಂದಳು. "ಇಲ್ಲದಿದ್ದರೆ ಗೊತ್ತಲ್ಲ, ನಾನು ಇಲ್ಲೇ ಇದ್ದೇನೆ."

ದಕ್ಕೆಯೇ ನಕ್ಕಿತು. ಹುಡುಗರೂ ನಕ್ಕರು. ವಾಮನನೂ ನಕ್ಕ. ಆದರೆ ನಗುವಾಗ ಅವನು ತಾಯಿಯ ಮುಖ ನೋಡಲಿಲ್ಲ, ತನ್ನ ಬೂಟು ನೋಡಿಕೊಂಡ.

ಕಪ್ಪಿನ ಮೊದಲ ಸುತ್ತಿನಲ್ಲಿ ಮೂರು ಪಂದ್ಯ. ಮೊದಲ ಪಂದ್ಯದಲ್ಲಿ ಅಳಿವೆನಾಡು ಗೋಲು ಹೊಡೆಯಲಿಲ್ಲ, ಗೋಲು ಬಿಟ್ಟುಕೊಡಲೂ ಇಲ್ಲ. ಎರಡನೆಯದರಲ್ಲೂ ಹಾಗೆಯೇ. ರೇಡಿಯೋದವನು ಇವರ ಆಟವನ್ನು ಬಹಳ ಹೊಗಳಿದ. ಎಷ್ಟು ಚೆನ್ನಾಗಿ ಚೆಂಡು ದಾಟಿಸುತ್ತಾರೆ, ಒಂದೂ ತಪ್ಪಿಲ್ಲ ಎಂದ. ನಿಜ, ಒಂದೂ ತಪ್ಪಿರಲಿಲ್ಲ. ಚೆಂಡು ಒಬ್ಬನಿಂದ ಇನ್ನೊಬ್ಬನಿಗೆ, ಅವನಿಂದ ಮತ್ತೊಬ್ಬನಿಗೆ ಹೋಗುತ್ತಿತ್ತು. ಬಿಸಿ ಪಾತ್ರೆಯನ್ನು ಕೈಯಿಂದ ಕೈಗೆ ದಾಟಿಸಿದ ಹಾಗೆ.

ಮೂರನೆಯ ಪಂದ್ಯ ಗುಡ್ಡನಾಡಿನ ಮೇಲೆ. ಹದಿನಾರು ದೇಶಗಳಲ್ಲಿ ಅದಕ್ಕಿಂತ ಬಡಕಲು ತಂಡವಿರಲಿಲ್ಲ. ಗೆದ್ದರೆ ಮುಂದಿನ ಸುತ್ತು, ಸಮವಾದರೆ ಮನೆಗೆ. ಮಧ್ಯಾಹ್ನ ಮೋನುವಿನ ಅಂಗಡಿಯ ಮುಂದೆ ಮಾರುಕಟ್ಟೆಯೇ ಬಂದು ಕೂತಿತ್ತು. ಜಲಜಕ್ಕ ತನ್ನ ಕಟ್ಟೆಯ ಮೇಲೆ ಕೂತೇ ಕೇಳುತ್ತಿದ್ದಳು.

ಪಂದ್ಯ ಮುಗಿಯಲು ಎರಡು ನಿಮಿಷ ಇತ್ತು. ರೇಡಿಯೋದವನ ಸ್ವರ ಏರಿತು. "ವಾಮನನ ಕಾಲಿನಲ್ಲಿ ಚೆಂಡು. ಒಬ್ಬನನ್ನು ದಾಟಿದ. ಇನ್ನೊಬ್ಬನನ್ನು ದಾಟಿದ. ಗೋಲ್‌ಕೀಪರ್ ಮುಂದೆ ಬಂದ, ಜಾರಿ ಬಿದ್ದ. ಈಗ ವಾಮನನ ಮುಂದೆ ಯಾರೂ ಇಲ್ಲ, ಗೋಲು ತೆರೆದಿದೆ..."

ಮಾರುಕಟ್ಟೆ ಎದ್ದು ನಿಂತಿತು.

"ಚೆಂಡನ್ನು ನಿಲ್ಲಿಸಿದ" ಎಂದಿತು ರೇಡಿಯೋ. "ಹಿಂದೆ ತಿರುಗಿ ನೋಡುತ್ತಿದ್ದಾನೆ. ಚೆಂಡು... ಹಿಂದಕ್ಕೆ. ವಾಮನ ಚೆಂಡನ್ನು ಹಿಂದಿನವನಿಗೆ ಕೊಟ್ಟಿದ್ದಾನೆ."

ಹಿಂದಿನವನು ಪಕ್ಕದವನಿಗೆ ಕೊಟ್ಟ. ಪಕ್ಕದವನು ಇನ್ನೂ ಹಿಂದಿನವನಿಗೆ ಕೊಟ್ಟ. ಚೆಂಡು ತಮ್ಮದೇ ಗೋಲ್‌ಕೀಪರ್‌ನ ಕಾಲು ಸೇರುವಾಗ ಸೀಟಿ ಕೂಗಿತು.

ಒಲೆಯ ಮೇಲೆ ಮೋನುವಿನ ಹಾಲು ಉಕ್ಕಿ ಹರಿಯಿತು. ಯಾರೂ ಏನೂ ಅನ್ನಲಿಲ್ಲ.

ಅಳಿವೆನಾಡು ಸೋಲದೆ ಮನೆಗೆ ಹೊರಟಿತು. ಒಂದು ಗೋಲನ್ನೂ ಬಿಟ್ಟುಕೊಟ್ಟಿರಲಿಲ್ಲ, ಒಂದು ಗೋಲನ್ನೂ ಹೊಡೆದಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಜನ ಅಭ್ಯಾಸದಂತೆ ಜಲಜಕ್ಕನ ಕಟ್ಟೆಯ ಸುತ್ತ ಬಂದು ನಿಂತರು.

"ಜಲಜಕ್ಕಾ, ಈ ಸಲ ಯಾರ ಹೆಸರು?" ಎಂದು ಒಬ್ಬ ಕೇಳಿದ.

"ಯಾರದ್ದು ಇಡುವುದು?" ಎಂದ ಮೋನು. "ಯಾರೂ ತಪ್ಪೇ ಮಾಡಲಿಲ್ಲವಲ್ಲ ಮಾರಾಯ. ವಾಮನ ಕೊಟ್ಟ ಚೆಂಡು ಸರಿಯಾಗಿ ಹಿಂದಿನವನ ಕಾಲಿಗೇ ಹೋಯಿತು."

ಯಾರೋ ನಗಲು ನೋಡಿದರು. ನಗು ಬರಲಿಲ್ಲ. ಜಲಜಕ್ಕ ಆ ದಿನ ಉಳಿದ ಮೀನಿಗೆ ಮಂಜುಗಡ್ಡೆ ಹಾಕುವುದನ್ನೂ ಮರೆತು ಮನೆಗೆ ಹೋದಳು.

ನಾಲ್ಕನೆಯ ದಿನ ವಾಮನ ಬಂದ. ಅವಳು ಊಟ ಬಡಿಸಿದಳು. ಅವನು ಉಣ್ಣುವವರೆಗೆ ತಡೆದಳು. ಆಮೇಲೆ ಕೇಳಿದಳು.

"ಗೋಲು ತೆರೆದಿತ್ತಂತೆ. ಯಾಕೆ ಒದೆಯಲಿಲ್ಲ?"

"ಒದ್ದಿದ್ದರೆ ಹೋಗುತ್ತಿತ್ತೋ ಏನೋ."

"ಹೋಗುತ್ತಿತ್ತೋ ಏನೋ ಅಲ್ಲ. ಕಣ್ಣು ಮುಚ್ಚಿ ಒದ್ದರೂ ಹೋಗುತ್ತಿತ್ತು. ಮರಳಿನ ಮೇಲೆ ಅದಕ್ಕಿಂತ ಕಷ್ಟದ್ದು ಎಷ್ಟು ಹೊಡೆದಿಲ್ಲ ನೀನು?"

"ಮರಳಿನ ಮೇಲೆ ತಪ್ಪಿದರೆ ಇನ್ನೊಮ್ಮೆ ಒದೆಯಬಹುದು, ಅಮ್ಮಾ." ಅವನು ತಟ್ಟೆಯ ಅಂಚಿನ ಅನ್ನದ ಅಗುಳನ್ನು ಬೆರಳಿನಿಂದ ಒಟ್ಟುಮಾಡುತ್ತಿದ್ದ. "ಅಲ್ಲಿ ತಪ್ಪಿದ್ದರೆ ಮರುದಿನ ಬೆಳಗ್ಗೆ ನೀನು ಏನನ್ನುತ್ತಿದ್ದೆ ಅಂತ ನೆನಪಾಯಿತು. ಅಷ್ಟರಲ್ಲಿ ಕಾಲು ನಿಂತುಹೋಯಿತು."

"ನಿನಗೆ ನಾನು ಅನ್ನುತ್ತಿದ್ದೆನಾ? ನೀನು ನನ್ನ ಮಗ."

"ದೂಮಣ್ಣ ಮಾಮನೂ ಯಾರದೋ ಮಗ." ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ನೀನು ಅನ್ನದಿದ್ದರೂ ಬೇರೆಯವರು ಅನ್ನುತ್ತಿದ್ದರು. ಅನ್ನುವುದನ್ನು ಕಲಿಸಿದ್ದು ನೀನೇ. ನಾನು ಮೀನಿನ ಬುಟ್ಟಿಯ ಪಕ್ಕ ಬೆಳೆದವನು. ಏಳು ಹೆಸರು ಹುಟ್ಟುವಾಗಲೂ ಅಲ್ಲೇ ಇದ್ದೆ. ನಿನ್ನ ಮೇಲೆ ಹಾಕಿ ನಾನು ತಪ್ಪಿಸಿಕೊಳ್ಳುವುದಿಲ್ಲ. ನಾನೂ ನಕ್ಕಿದ್ದೇನೆ."

ಅವನು ಕೈ ತೊಳೆದುಕೊಂಡು ಹೊರಗೆ ಹೋದ. ಅದೇ ವಾರ, ನನ್ನನ್ನು ಇನ್ನು ತಂಡಕ್ಕೆ ಕರೆಯಬೇಡಿ ಎಂದು ಹೇಳಿ ಬಂದ. ಎಷ್ಟು ಜನ ಬಂದು ಕೇಳಿದರೂ ಒಪ್ಪಲಿಲ್ಲ. ಹಟ ಅವನಿಗೆ ತಾಯಿಯಿಂದ ಬಂದಿತ್ತು.

ಮೇಷ್ಟ್ರನ್ನು ಕೆಲಸದಿಂದ ತೆಗೆದರು. ಊರಿಗೆ ಹೋಗುವ ಬೆಳಗ್ಗೆ ಅವನು ಮಾರುಕಟ್ಟೆಗೆ ಬಂದು ನೋಟುಪುಸ್ತಕವನ್ನು ಜಲಜಕ್ಕನ ತಕ್ಕಡಿಯ ತಟ್ಟೆಯಲ್ಲಿಟ್ಟ.

"ನಿಮ್ಮ ಮಾತುಗಳೇ ಇವು. ನಿಮ್ಮ ಹತ್ತಿರವೇ ಇರಲಿ" ಎಂದ. ಅವನ ಸ್ವರದಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಅವಳು ತಕ್ಕ ಉತ್ತರ ಕೊಡುತ್ತಿದ್ದಳು.

ಗಿರಾಕಿಗಳು ಕಡಿಮೆಯಾದ ಮೇಲೆ ಅವಳು ಪುಸ್ತಕ ತೆರೆದಳು. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಮೊದಲ ಮಾತು ದೂಮಣ್ಣ. ಪಕ್ಕದಲ್ಲಿ, ಉಕ್ಕಿ ಚೆಲ್ಲಿ ಹಾಳಾಗುವುದು. ಅದರ ಕೆಳಗೆ ಬೇರೆ ಬಣ್ಣದ ಶಾಯಿಯಲ್ಲಿ ಹೀಗಿತ್ತು: ದೇಶಕ್ಕಾಗಿ ಮೂವತ್ತೊಂದು ಗೋಲು. ಆ ದಿನ ಪೆನಾಲ್ಟಿ ಒದೆಯಲು ಬೇರೆ ಯಾರೂ ಮುಂದೆ ಬರಲಿಲ್ಲ, ಇವರು ಬಂದರು.

ಕೂಸಪ್ಪ. ತನ್ನ ಕೈ ತಾನೇ ಕುಯ್ದುಕೊಳ್ಳುವುದು. ಅದರ ಕೆಳಗೆ: ಗೋಲ್‌ಕೀಪರ್ ಬಿದ್ದಾಗ ಒಬ್ಬನೇ ಓಡಿ ಬಂದು ತಡೆಯಲು ಕಾಲು ಚಾಚಿದ. ಉಳಿದವರು ನಿಂತು ನೋಡುತ್ತಿದ್ದರು.

ಸಂಜೀವ. ತಡವಾಗುವುದು. ಅದರ ಕೆಳಗೆ: ಕಾಲು ಉಳುಕಿತ್ತು. ಆದರೂ ಹಿಂದೆ ಓಡಿದವನು ಇವನೊಬ್ಬನೇ.

ಏಳು ಹೆಸರುಗಳನ್ನೂ ಅವಳು ಓದಿದಳು. ಕೊನೆಯ ಪುಟದಲ್ಲಿ ಒಂದೇ ಸಾಲು ಇತ್ತು. ಒದೆಯದೆ ನಿಂತವರ ಹೆಸರು ಈ ನಾಡಿನಲ್ಲಿ ಯಾವ ಮಾತೂ ಆಗಿಲ್ಲ.

ಬದುಕಿನಲ್ಲಿ ಅಷ್ಟು ಪೇಪರು ಓದಿದ್ದಳು ಜಲಜಕ್ಕ. ಓದಿದ್ದು ತನ್ನ ವಿಷಯವೇ ಎಂದು ಅನ್ನಿಸಿದ್ದು ಅದೇ ಮೊದಲು.

ಮರುದಿನ ಅವಳು ದೂಮಣ್ಣನ ಬೇಕರಿಗೆ ಹೋದಳು. ಆಟ ಬಿಟ್ಟ ಮೇಲೆ ಅವನು ಬನ್ನು, ರಸ್ಕು ಮಾಡಿ ಮಾರುತ್ತಿದ್ದ. ಇಪ್ಪತ್ತು ವರ್ಷಗಳಲ್ಲಿ ಅವಳು ಆ ಬೀದಿಯಲ್ಲಿ ನಡೆದದ್ದು ಕಡಿಮೆ. ತಲೆ ನರೆತ ದೂಮಣ್ಣ ಅವಳನ್ನು ನೋಡಿ ಎದ್ದು ನಿಂತ.

"ಬನ್ನಿ ಜಲಜಕ್ಕ. ಏನು ಕೊಡಲಿ?"

ಕ್ಷಮೆ ಕೇಳಬೇಕೆಂದೇ ಬಂದಿದ್ದಳು. ಆದರೆ ಅಭ್ಯಾಸವಿಲ್ಲದ ಬಾಯಿ. "ಅರ್ಧ ಕಿಲೋ ರಸ್ಕು" ಎಂದಳು.

ಅಷ್ಟರಲ್ಲಿ ಆರೇಳು ವರ್ಷದ ಒಬ್ಬ ಹುಡುಗಿ ಹಾಲಿನ ಚೊಂಬು ಹಿಡಿದುಕೊಂಡು ಬನ್ನು ಕೊಳ್ಳಲು ಬಂದಳು. ಚೊಂಬನ್ನು ಕಟ್ಟೆಯ ಮೇಲಿಡುವಾಗ ಹಾಲು ತುಳುಕಿತು. "ಅಯ್ಯೋ, ದೂಮಣ್ಣ ಆಯಿತು" ಎಂದಳು. ದೂಮಣ್ಣ ಬಟ್ಟೆ ತೆಗೆದುಕೊಂಡು ಒರೆಸಿದ. ಹುಡುಗಿ ಆಗಷ್ಟೇ ಅಕ್ಷರ ಕಲಿಯುತ್ತಿದ್ದಳು. ಕಂಡದ್ದನ್ನೆಲ್ಲ ಓದುವ ವಯಸ್ಸು. ಗೋಡೆಗೆ ತೂಗುಹಾಕಿದ್ದ ಅಂಗಡಿಯ ಲೈಸನ್ಸನ್ನು ಕೂಡಿಸಿ ಕೂಡಿಸಿ ಓದಿದಳು.

"ಮಾಮಾ, ಅಲ್ಲಿ ಬರೆದದ್ದು ನಿಮ್ಮ ಹೆಸರಾ?"

"ಹೌದು ಮಗಾ."

"ನಿಮ್ಮ ಅಪ್ಪ ಅಮ್ಮನಿಗೆ ಬೇರೆ ಹೆಸರು ಸಿಗಲಿಲ್ಲವಾ? ಹಾಳಾದದ್ದಕ್ಕೆ ಹೇಳುವ ಮಾತನ್ನು ಯಾಕೆ ಇಟ್ಟರು?"

ದೂಮಣ್ಣ ಬನ್ನುಗಳನ್ನು ಕಾಗದದಲ್ಲಿ ಸುತ್ತುತ್ತಾ ಹೇಳಿದ. "ಅವರು ಇಡುವಾಗ ಅದು ಒಳ್ಳೆಯ ಹೆಸರಾಗಿತ್ತು ಮಗಾ. ನನ್ನ ಅಜ್ಜನ ಹೆಸರು."

ಜಲಜಕ್ಕ ಬಗ್ಗಿ ಹುಡುಗಿಯ ಭುಜ ಹಿಡಿದುಕೊಂಡಳು. "ಮಗಾ, ಇವರು ಯಾರು ಗೊತ್ತಾ? ದೇಶಕ್ಕೆ ಮೂವತ್ತೊಂದು ಗೋಲು ಹೊಡೆದವರು."

ಹುಡುಗಿ ದೂಮಣ್ಣನನ್ನು ಮೇಲಿನಿಂದ ಕೆಳಗೆ ನೋಡಿದಳು. "ಸುಳ್ಳು" ಎಂದಳು. ಬನ್ನು ತೆಗೆದುಕೊಂಡು ಹೊರಟುಹೋದಳು.

ದೂಮಣ್ಣ ರಸ್ಕನ್ನು ತಕ್ಕಡಿಗೆ ಹಾಕಿದ.

"ತಪ್ಪಾಯಿತು ದೂಮಣ್ಣ" ಎಂದಳು ಜಲಜಕ್ಕ, ನೆಲ ನೋಡುತ್ತಾ.

"ಬಿಡಿ ಜಲಜಕ್ಕ. ನಿಮ್ಮ ಮೇಲೆ ಕೋಪ ಇತ್ತು, ಈಗ ಇಲ್ಲ" ಎಂದ ದೂಮಣ್ಣ. "ಒಂದು ಮಾತ್ರ ಹೇಳುತ್ತೇನೆ. ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷದಿಂದ ಹಾಲು ಕಾಯಿಸುವುದು ನಾನೇ. ಒಲೆಯ ಮುಂದಿನಿಂದ ಏಳುವುದಿಲ್ಲ. ಒಂದು ದಿನವೂ ಉಕ್ಕಲು ಬಿಟ್ಟಿಲ್ಲ. ಉಕ್ಕಿದರೆ ಹೆಂಡತಿ ಮಕ್ಕಳು ಏನೆಂದು ಹೇಳಬೇಕು ಅಂತ ತಡಬಡಿಸುತ್ತಾರೆ. ಅದನ್ನು ನೋಡಲು ನನಗಾಗುವುದಿಲ್ಲ." ಆಮೇಲೆ ರಸ್ಕಿನ ಪೊಟ್ಟಣ ಮುಂದಿಟ್ಟ. "ತಗೊಳ್ಳಿ, ಬಿಸಿ ಇದೆ."

ಅಂದಿನಿಂದ ಜಲಜಕ್ಕ ಆ ಏಳು ಮಾತುಗಳಲ್ಲಿ ಒಂದನ್ನೂ ಆಡಲಿಲ್ಲ. ತನ್ನ ಮುಂದೆ ಯಾರಾದರೂ ಆಡಿದರೆ ತಡೆದು, ಅದು ಒಬ್ಬರ ಹೆಸರು ಎಂದು ಹೇಳುತ್ತಿದ್ದಳು. ಕೆಲವರು ತಲೆಯಾಡಿಸಿದರು. ಹೆಚ್ಚಿನವರು ಜಲಜಕ್ಕನಿಗೆ ವಯಸ್ಸಾಯಿತು ಎಂದರು. ಅವಳು ಆಡುವಾಗ ಒಂದು ವಾರದಲ್ಲಿ ದೇಶ ಸುತ್ತಿದ ಮಾತು, ಅವಳು ಹಿಂದಕ್ಕೆ ಕರೆದಾಗ ಮಾರುಕಟ್ಟೆಯ ಬಾಗಿಲನ್ನೂ ದಾಟಿ ಬರಲಿಲ್ಲ.

ನಾಲ್ಕು ವರ್ಷ ಕಳೆದು ಮತ್ತೆ ದೊಡ್ಡ ಕಪ್ ಬಂತು. ಮೋನುವಿನ ಅಂಗಡಿಯ ಮುಂದೆ ಮತ್ತೆ ಜನ ಸೇರಿದರು. ಜಲಜಕ್ಕ ತನ್ನ ಕಟ್ಟೆಯ ಮೇಲಿದ್ದಳು. ಪಕ್ಕದಲ್ಲಿ ವಾಮನ ಕೂತು ಹರಿದ ಬಲೆ ಹೊಲಿಯುತ್ತಿದ್ದ. ಈಗ ಅವನು ದೋಣಿಗೆ ಹೋಗುತ್ತಿದ್ದ. ಸಂಜೆ ಮರಳಿನ ಮೇಲೆ ಮಕ್ಕಳು ಆಡುವಾಗ ದೂರ ನಿಂತು ನೋಡುತ್ತಿದ್ದ, ಅಷ್ಟೇ.

ಗೆಲ್ಲಲೇಬೇಕಾದ ಪಂದ್ಯದ ಕೊನೆಯ ನಿಮಿಷಗಳಲ್ಲಿ ಪೂವಪ್ಪ ಎಂಬ ಹತ್ತೊಂಬತ್ತರ ಹುಡುಗ ಚೆಂಡು ಹಿಡಿದು ಮುನ್ನುಗ್ಗಿದ. ಪಕ್ಕದಲ್ಲಿ ಚೆಂಡು ಕೊಡಲು ಇಬ್ಬರಿದ್ದರು. ಅವನು ಕೊಡಲಿಲ್ಲ. ಒದ್ದ. ಚೆಂಡು ಗೋಲಿನ ಕಂಬಕ್ಕೆ ಬಡಿದು ಹೊರಗೆ ಹೋಯಿತು. ಆ ಸಲವೂ ಅಳಿವೆನಾಡಿಗೆ ಕಪ್ ಬರಲಿಲ್ಲ.

ಮಾರುಕಟ್ಟೆ ನಿಟ್ಟುಸಿರು ಬಿಟ್ಟಿತು. ಆಮೇಲೆ ಎಲ್ಲರ ಮುಖವೂ ಜಲಜಕ್ಕನ ಕಡೆ ತಿರುಗಿತು. ಕೆಲವರ ತುಟಿಯಲ್ಲಿ ಆಗಲೇ ನಗು ಸಿದ್ಧವಾಗಿತ್ತು.

ಜಲಜಕ್ಕ ತಕ್ಕಡಿಯ ತಟ್ಟೆಯನ್ನು ಬಟ್ಟೆಯಿಂದ ಒರೆಸಿದಳು.

"ಒದ್ದನಲ್ಲ" ಎಂದಳು. "ಯಾರಿಗೆ ಎಷ್ಟು ಬಂಗುಡೆ?"

ಬಲೆ ಹೊಲಿಯುತ್ತಿದ್ದ ವಾಮನನ ಕೈ ನಿಂತಿತು. ಅವನು ತಾಯಿಯನ್ನು ನೋಡಿದ. ಮತ್ತೆ ಬಗ್ಗಿ ದಾರ ಪೋಣಿಸಿದ. ಜಲಜಕ್ಕನೂ ಅವನ ಕಡೆ ತಿರುಗಲಿಲ್ಲ. ಇಬ್ಬರಿಗೂ ಗೊತ್ತಿತ್ತು. ಮೇಷ್ಟ್ರು ಕೇಳಿದ ಆ ಒಂದು ಮಾತನ್ನು ನಾಲ್ಕು ವರ್ಷದ ಹಿಂದೆ ದಕ್ಕೆಯಲ್ಲಿ ಹೇಳುವುದಕ್ಕೂ ಇಷ್ಟೇ ಹೊತ್ತು ಸಾಕಾಗಿತ್ತು.

ನೀತಿ: ತಪ್ಪಿದವರ ಹೆಸರು ಹಿಡಿದು ನಗುವ ಊರಿನಲ್ಲಿ ತಪ್ಪುಗಳು ಕಡಿಮೆಯಾಗುವುದಿಲ್ಲ, ಮುಂದೆ ಬಂದು ಪ್ರಯತ್ನಿಸುವವರು ಕಡಿಮೆಯಾಗುತ್ತಾರೆ. ನಾವು ಗಟ್ಟಿ ಇದ್ದೇವೆ ಎಂಬ ಹೆಮ್ಮೆಯಲ್ಲಿ ಇನ್ನೊಬ್ಬರ ಧೈರ್ಯ ಕಸಿದುಕೊಳ್ಳಬಾರದು. ಸೋತವನಿಗೆ ಹೇಳಬೇಕಾದ ಒಳ್ಳೆಯ ಮಾತನ್ನು ಅವನು ಆಡಲು ಹೊರಡುವ ಮೊದಲೇ ಹೇಳಿ ಕಳುಹಿಸಬೇಕು.